ಬಾಟಲಿಯಲ್ಲಿ ಉಳಿಯುವ ಬೀಜ, ಉಳಿಯದ ಬೀಜ

ಅಕೇಶಿಯಾ ಬೀಜವನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಅಟ್ಟಕ್ಕೆ ಹಾಕಿ ಮರೆತುಬಿಡಿ. ಎರಡು ಮೂರು ವರ್ಷ ಬಿಟ್ಟು ತೆಗೆದರೂ ಅದು ಹುಟ್ಟುತ್ತದೆ. ಕುದಿಯುವ ನೀರು ಸುರಿದು, ಒಂದು ರಾತ್ರಿ ನೆನೆಯಲು ಬಿಟ್ಟು ಸಸಿಮಡಿಗೆ ಚೆಲ್ಲಿದರೆ ಆಯಿತು. ನಮ್ಮ ಕಾಡಿನ ಧೂಪದ ಮರದ ಬೀಜಕ್ಕೆ ಈ ಆಟ ನಡೆಯುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬಲಿತು ಬೀಳುವ ಅದು ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು. ಒಣಗಿದರೆ ಸತ್ತಿತು. ಹಲಸು, ನೇರಳೆ, ರಾಮಪತ್ರೆ ಎಲ್ಲವೂ ಇದೇ ಬಗೆಯ ಬೀಜಗಳು. ಇವಕ್ಕೆ ಗೋದಾಮು ಎಂಬುದಿಲ್ಲ, ಟೆಂಡರ್ ಕರೆಯುವಷ್ಟು ಪುರಸೊತ್ತೂ ಇಲ್ಲ.

ಕಳೆದ ನಾಲ್ಕು ದಶಕಗಳಲ್ಲಿ ಮಲೆನಾಡಿನ ಯಾವ ಗುಡ್ಡದ ಮೇಲೆ ಯಾವ ಮರ ನಿಂತಿತು ಎಂಬುದನ್ನು ಸರ್ಕಾರದ ನೀತಿಗಿಂತ ಹೆಚ್ಚಾಗಿ ಬೀಜದ ಈ ಸ್ವಭಾವವೇ ತೀರ್ಮಾನಿಸಿತು ಎಂಬುದು ನನ್ನ ನಂಬಿಕೆ. ಅಕೇಶಿಯಾ ಎಂದ ಕೂಡಲೇ ನಮ್ಮ ಕಡೆ ವಿದೇಶಿ ಪಿತೂರಿ, ಕಾಗದದ ಕಂಪನಿ, ಅರಣ್ಯ ಇಲಾಖೆಯ ಕುತಂತ್ರ ಎಂದು ಮಾತು ಶುರುವಾಗುತ್ತದೆ. ಕಂಪನಿಗಳ ಪಾಲು ಇದ್ದದ್ದು ಹೌದು, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಮಾರ್ಚ್ ಮುಗಿಯುವುದರೊಳಗೆ ಇಷ್ಟು ಹೆಕ್ಟೇರ್ ನೆಟ್ಟ ಲೆಕ್ಕ ಕೊಡಬೇಕಾದ ಫಾರೆಸ್ಟರ್ ಒಬ್ಬನ ಜಾಗದಲ್ಲಿ ನಿಂತು ನೋಡಿ. ಬೀಜ ವರ್ಷವಿಡೀ ಸಿಗಬೇಕು, ಸಸಿಯನ್ನು ದನ ತಿನ್ನಬಾರದು, ಜಂಬಿಟ್ಟಿಗೆಯಲ್ಲೂ ಬೇರು ಇಳಿಯಬೇಕು, ನೀರು ಹಾಕುವ ಗೋಜು ಇರಬಾರದು. ಇಷ್ಟಕ್ಕೂ ಹೂಂ ಎನ್ನುವ ಮರ ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಡೆಯಿಂದ ಬಂದಿತ್ತು. ನಮ್ಮ ಹೊನ್ನೆ, ಮತ್ತಿ, ನಂದಿಗಳು ಈ ಪರೀಕ್ಷೆಯಲ್ಲಿ ನಪಾಸು.

1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ತಬ್ಬಿಕೊಂಡು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಒಂದು ಕಡೆ ಇರುವ ಕಾಡನ್ನು ಉಳಿಸಿಕೊಳ್ಳಲು ಜನ ಜಗಳವಾಡುತ್ತಿದ್ದರು, ಇನ್ನೊಂದು ಕಡೆ ಬೋಳು ಜಾಗಗಳಲ್ಲಿ ಸಾಲುಸಾಲು ಗುಂಡಿ ತೋಡಲಾಗುತ್ತಿತ್ತು. ನಮ್ಮೂರ ಸೊಪ್ಪಿನಬೆಟ್ಟದ ಕೆಳ ಅಂಚಿಗೆ ಅಕೇಶಿಯಾ ಬಂದದ್ದು ಆ ಗುಂಡಿಗಳಲ್ಲಿ.

ಸೊಪ್ಪಿನಬೆಟ್ಟ ಗೊತ್ತಿಲ್ಲದ ಬಯಲುಸೀಮೆಯವರಿಗೆ ಎರಡು ಮಾತು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಅಂಟಿಕೊಂಡಂತೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ದಾಖಲೆಯಲ್ಲಿದೆ. ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ ಒಂಬತ್ತು ಎಕರೆ ಬೆಟ್ಟ. ಅಲ್ಲಿಯ ಸೊಪ್ಪು, ದರಕು ಎಂಬ ಉದುರಿದ ಒಣ ಎಲೆ, ಒಣ ಕಟ್ಟಿಗೆ, ಕರಡ ಎಂಬ ಹುಲ್ಲು ನಮ್ಮ ಬಳಕೆಗೆ. ನೆಲ ಮಾತ್ರ ಸರ್ಕಾರದ್ದು, ಮರ ಕಡಿಯುವ ಹಕ್ಕು ನಮಗಿಲ್ಲ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಅಲ್ಲಿಂದ ಅಡಿಕೆಮರದ ಬುಡಕ್ಕೆ. ಮತ್ತಿ, ಕೌಲು, ಹೊನ್ನೆ, ನೆಲ್ಲಿಗಳನ್ನು ತಲೆಮಾರುಗಟ್ಟಲೆ ಸವರಿಯೇ ತೋಟ ಬೆಳೆಸಿದ್ದು. ಚೆನ್ನಾಗಿ ನೋಡಿಕೊಂಡವರ ಬೆಟ್ಟ ಇಂದಿಗೂ ಚೆನ್ನಾಗಿದೆ. ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ ಎಂಬಂತಿದ್ದ ಬೆಟ್ಟಗಳು ಮಾತ್ರ ಬೋಳಾದವು. ಮರದ ತುದಿಯನ್ನೂ ಬಿಡದೆ ಸವರಿದರು. ದನ ಮೇದಿತು, ಬೆಂಕಿ ಬಿತ್ತು, ಮೇಲ್ಮಣ್ಣು ಹಳ್ಳ ಸೇರಿ ಕಲ್ಲು ಎದ್ದಿತು. ಅಂಥ ಜಾಗಕ್ಕೇ ಇಲಾಖೆ ಅಕೇಶಿಯಾ ತಂದದ್ದು. ಆಗ ಊರಲ್ಲಿ ಯಾರೂ ಬೇಡ ಎನ್ನಲಿಲ್ಲ. ಹಸಿರಾಯಿತಲ್ಲ ಎಂದು ಸಮಾಧಾನಪಟ್ಟವರೇ ಹೆಚ್ಚು.

ತಕರಾರು ಶುರುವಾದದ್ದು ದರಕಿನಿಂದ. ಅಕೇಶಿಯಾದ ಎಲೆ ಎಂದು ನಾವು ಕರೆಯುವುದು ನಿಜಕ್ಕೂ ಎಲೆಯಲ್ಲ, ಅಗಲಗೊಂಡ ತೊಟ್ಟು. ಸಸಿ ತೀರಾ ಚಿಕ್ಕದಿರುವಾಗ ಒಂದೆರಡು ನಿಜವಾದ ಎಲೆ ಬರುತ್ತವೆ, ಹುಣಸೆಯದರಂತೆ ಕಾಣುವ ಸಣ್ಣ ಸಣ್ಣ ಎಲೆಗಳು. ಆಮೇಲೆ ಬರುವುದೆಲ್ಲ ಈ ತೊಗಲಿನಂಥ ತೊಟ್ಟುಗಳೇ. ಅದು ಬೇಗ ಕೊಳೆಯುವುದಿಲ್ಲ. ಮತ್ತಿಯ ದರಕು ಕೊಟ್ಟಿಗೆಯಲ್ಲಿ ಸಗಣಿ ಗಂಜಳ ಹೀರಿ ಬೇಗ ಗೊಬ್ಬರವಾದರೆ ಇದು ಹಾಗೇ ಗರಗರ ಎನ್ನುತ್ತ ಕೂತಿರುತ್ತದೆ. ಮನೆಯ ಹೆಂಗಸರು ಮೊದಲು ಹೇಳಿದ್ದು ಇದನ್ನೇ. ಕಾಲು ಜಾರುತ್ತದೆ, ಗೊಬ್ಬರ ಆಗುವುದಿಲ್ಲ, ಯಾತಕ್ಕೂ ಬಾರದ ದರಕು. ಪರಿಸರದವರು ಅಂತರ್ಜಲ, ಜೀವವೈವಿಧ್ಯ ಎಂದು ಮಾತಾಡಲು ಬಂದದ್ದು ಎಷ್ಟೋ ಆಮೇಲೆ. ಬೇಸಿಗೆಯಲ್ಲಿ ಆ ಒಣ ದರಕಿಗೆ ಒಂದು ಬೀಡಿ ತುಂಡು ಬಿದ್ದರೆ ಸಾಕು, ಸಂಜೆಯೊಳಗೆ ಬೆಟ್ಟದ ತಲೆ ಮುಟ್ಟುತ್ತದೆ.

ಅಕೇಶಿಯಾ ಮಾಡಿದ ಉಪಕಾರವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅದರ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳಿವೆ. ಕಲ್ಲೆದ್ದ ನೆಲಕ್ಕೆ ಅದು ನೆರಳು ಕೊಟ್ಟಿತು, ಒಲೆಗೆ ಒಳ್ಳೆಯ ಕಟ್ಟಿಗೆ ಕೊಟ್ಟಿತು, ಬಡಗಿಗಳಿಗೆ ಬಾಗಿಲು ಕಿಟಕಿಗೆ ಹಲಗೆ ಕೊಟ್ಟಿತು. ಕಾನಿಗೆ, ಅಂದರೆ ನಿತ್ಯಹಸಿರಿನ ಕಾಡಿಗೆ, ಹತ್ತಿರವಿರುವ ಹಳೆಯ ನೆಡುತೋಪಿನೊಳಗೆ ಬಗ್ಗಿ ನೋಡಿದರೆ ಆಶ್ಚರ್ಯವೂ ಕಾದಿರುತ್ತದೆ. ಸಾಲು ಮರಗಳ ಬುಡದಲ್ಲಿ ನೇರಳೆ ಸಸಿ, ಕುಂಕುಮದ ಗಿಡ, ಚಂದಕಲು, ಅಲ್ಲಲ್ಲಿ ಹೆಬ್ಬಲಸು. ಯಾರೂ ನೆಟ್ಟದ್ದಲ್ಲ. ಪಿಕಳಾರ, ಕುಟ್ರು, ಬಾವಲಿಗಳು ಹಣ್ಣು ತಿಂದು ಬಂದು ಈ ಕೊಂಬೆಗಳ ಮೇಲೆ ಕೂತಿದ್ದವು, ಅಷ್ಟೇ. ಕೂರಲು ಕೊಂಬೆಯೇ ಇಲ್ಲದ ಬೋಳು ಗುಡ್ಡದಲ್ಲಿ ಇದು ಆಗುವುದಿಲ್ಲ. ಕಾನಿನಿಂದ ದೂರವಿರುವ ತೋಪಿನಲ್ಲೂ ಆಗುವುದಿಲ್ಲ. ಹಕ್ಕಿ ಹೊಟ್ಟೆಯಲ್ಲಿ ಬೀಜ ಇಟ್ಟುಕೊಂಡು ಹಾರುವ ದೂರಕ್ಕೂ ಒಂದು ಮಿತಿಯಿದೆ.

ಹಾಗಾಗಿ ಅಕೇಶಿಯಾ ಓಡಿಸಿ ಎಂಬ ಘೋಷಣೆಗೂ, ಓಡಿಸುವ ಕೆಲಸಕ್ಕೂ ಬಹಳ ಅಂತರವಿದೆ. ಒಮ್ಮೆಲೇ ಎಲ್ಲ ಕಡಿದು ಬೋಳು ಮಾಡಿದರೆ ಬಿಸಿಲಿಗೆ ಮೊದಲು ಎದ್ದು ನಿಲ್ಲುವುದು ಅಕೇಶಿಯಾದ್ದೇ ಮರಿಗಳು. ಎಷ್ಟೋ ವರ್ಷ ಉದುರಿ ಮಣ್ಣಲ್ಲಿ ಮಲಗಿದ ಬೀಜಗಳಿಗೆ ಬೆಳಕು ಬೇಕಿತ್ತು, ಸಿಕ್ಕಿತು. ಮಧ್ಯೆ ಬೆಂಕಿ ಬಿದ್ದರೆ ಗಟ್ಟಿ ಸಿಪ್ಪೆ ಬಿರಿದು ಇನ್ನೂ ಹೆಚ್ಚು ಹುಟ್ಟುತ್ತವೆ, ಬಾಟಲಿಯ ಬೀಜಕ್ಕೆ ನಾವು ಸುರಿಯುವ ಬಿಸಿನೀರಿನ ಕೆಲಸವನ್ನೇ ಬೆಂಕಿ ಮಾಡಿಕೊಡುತ್ತದೆ. ಅವುಗಳ ಜೊತೆಗೆ ಕಮ್ಯುನಿಸ್ಟ್ ಗಿಡವೆಂಬ ಕಳೆ ನುಗ್ಗುತ್ತದೆ, ದಾರಿ ಬದಿಯಲ್ಲಿ ಲಂಟಾನ. ಹೊಸ ಸಸಿ ನೆಟ್ಟು ಫೋಟೋ ಹೊಡೆಸಿಕೊಂಡು ಹೋದವರು ಮುಂದಿನ ವರ್ಷ ಬಂದರೆ ತಾವು ನೆಟ್ಟದ್ದು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ನಮ್ಮೂರಲ್ಲಿ ಇಲಾಖೆಯವರು ಮರ ಹರಾಜು ಹಾಕಿದಾಗ ಗ್ರಾಮ ಅರಣ್ಯ ಸಮಿತಿಯವರು ಒಂದೇ ಒಂದು ಹಟ ಹಿಡಿದರು. ಪೂರ್ತಿ ಕಡಿಯುವುದು ಬೇಡ, ಪಟ್ಟಿಪಟ್ಟಿಯಾಗಿ ಕಡಿಯಿರಿ, ಕಾನಿನ ಕಡೆಯಿಂದ ಶುರು ಮಾಡಿ. ಕಡಿದ ಪಟ್ಟಿಯಲ್ಲಿ ಮೊದಲ ಮಳೆಗಾಲ ಪೂರ್ತಿ ಕಿತ್ತದ್ದೇ ಕೆಲಸ. ಮಣ್ಣು ಹಸಿಯಿರುವಾಗ ಅಕೇಶಿಯಾ ಮರಿ ಕೈಯಲ್ಲೇ ಬೇರು ಸಮೇತ ಬರುತ್ತದೆ, ನವರಾತ್ರಿ ದಾಟಿದರೆ ಗುದ್ದಲಿ ಬೇಕು, ವರ್ಷ ದಾಟಿದರೆ ಕತ್ತಿ ಬೇಕು. ಕೂಲಿಯ ಬಹುಪಾಲು ಹೋದದ್ದು ಇದಕ್ಕೇ. ನೆಡುವುದಕ್ಕಲ್ಲ. ದುಡ್ಡು ಕೊಡುವವರಿಗೆ ಇದನ್ನು ವಿವರಿಸುವುದು ಕಷ್ಟ. ಸಾವಿರ ಸಸಿ ನೆಟ್ಟೆವು ಎಂದರೆ ಬೋರ್ಡು ಬರೆಸಬಹುದು, ಸಾವಿರಗಟ್ಟಲೆ ಸಸಿ ಕಿತ್ತೆವು ಎಂದು ಯಾವ ಬೋರ್ಡಿನಲ್ಲಿ ಬರೆಸುತ್ತೀರಿ?

ಕಿತ್ತ ಮೇಲೆ ಕಂಡದ್ದು ಇನ್ನೊಂದು ಸಂಗತಿ. ಸತ್ತೇಹೋಯಿತು ಎಂದುಕೊಂಡಿದ್ದ ಮತ್ತಿಯ ಬುಡಗಳು ಚಿಗುರಿದವು. ಹಿಂದೆ ಕಡಿದು, ಸುಟ್ಟು, ದನ ಮೇದು ನೆಲಮಟ್ಟಕ್ಕೆ ಇಳಿದಿದ್ದ ಬುಡಗಳು ಅಕೇಶಿಯಾದ ಅಡಿಯಲ್ಲಿ ಗೇಣುದ್ದದ ಗಿಡವಾಗಿ ಕೂತಿದ್ದವು. ಕೌಲು, ಹೊನ್ನೆ, ಕಿಂದಳಗಳೂ ಹಾಗೆ. ಮೇಲೆ ಗಿಡ ಎಳೆಯದು, ಕೆಳಗಿನ ಬೇರು ನಮ್ಮ ಅಜ್ಜನ ಕಾಲದ್ದು. ಅಂಥ ಬುಡದಲ್ಲಿ ಹತ್ತು ಚಿಗುರು ಎದ್ದರೆ ಗಟ್ಟಿಯಾದ ಒಂದೆರಡನ್ನು ಉಳಿಸಿ ಉಳಿದದ್ದನ್ನು ಸವರಬೇಕು. ನರ್ಸರಿಯಿಂದ ತಂದು ನೆಟ್ಟ ಸಸಿ ಮೂರು ವರ್ಷದಲ್ಲಿ ಆಗುವ ಎತ್ತರಕ್ಕೆ ಅದು ಒಂದೇ ಮಳೆಗಾಲದಲ್ಲಿ ಹೋಗುತ್ತದೆ. ಆದ್ದರಿಂದ ಗುಂಡಿ ತೋಡುವ ಮುಂಚೆ ನೆಲ ನೋಡಿಕೊಂಡು ಒಂದು ಸುತ್ತು ನಡೆಯಬೇಕು, ಎಲೆ ಗುರುತು ಹಿಡಿಯುವ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು. ಜೆಸಿಬಿಯಿಂದ ಅಗಳ ಹೊಡೆಸಿ ಸಾಲುಗುಂಡಿ ತೆಗೆಸುವಲ್ಲಿ ಈ ಬುಡಗಳೇ ಮೊದಲು ಕಿತ್ತುಹೋಗುತ್ತವೆ. ಕಾಡು ಬೆಳೆಸುವ ಹೆಸರಿನಲ್ಲಿ ಕಾಡಿನ ಬೇರು ಅಗೆಯುವ ಈ ಕೆಲಸಕ್ಕೆ ಬಿಲ್ ಕೂಡ ಆಗುತ್ತದೆ.

ಇಷ್ಟಾದರೂ ಕೆಲವು ಮರಗಳನ್ನು ನೆಡದೆ ಗತಿಯಿಲ್ಲ. ದೊಡ್ಡ ಬೀಜದವು ತಾವಾಗಿ ಬರುವುದು ಕಡಿಮೆ, ಅವನ್ನು ನುಂಗಿ ಹೊತ್ತೊಯ್ಯಬಲ್ಲ ಮಂಗಟ್ಟೆ ಹಕ್ಕಿಗಳು ನಮ್ಮ ಬದಿಯ ಚಿಕ್ಕ ಕಾನುಗಳಿಗೆ ಬರುವುದೇ ಅಪರೂಪವಾಗಿದೆ. ಹೀಗಾಗಿ ಬೀಜ ಹುಡುಕುವ ಕೆಲಸ ಶುರುವಾಯಿತು. ಕಾಡಿಗೆ ಹೋಗುವ ಮುಂಚೆ ಅಡಿಗೆಮನೆ ನೋಡಬೇಕು ಎಂಬುದು ನಮಗೆ ಹೊಳೆದದ್ದು ಸ್ವಲ್ಪ ತಡವಾಗಿ. ಮುರುಗಲು ಹಣ್ಣಿನ ಶರಬತ್ತು ಮಾಡಿದ ಮೇಲೆ ಬೀಜ ಎಲ್ಲಿಗೆ ಹೋಗುತ್ತದೆ? ತಿಪ್ಪೆಗೆ. ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿಸುವವರ ಅಂಗಳದಲ್ಲಿ ಬೀಜದ ರಾಶಿಯೇ ಬಿದ್ದಿರುತ್ತದೆ. ಮೊದಲಾದರೆ ಅದರಿಂದ ತುಪ್ಪ ತೆಗೆಯುತ್ತಿದ್ದರು, ಈಗ ಆ ತಾಳ್ಮೆ ಇರುವವರು ಕಡಿಮೆ. ಉಪ್ಪಾಗೆ ಬೀಜ ಹುಟ್ಟಲು ಅರ್ಧ ವರ್ಷಕ್ಕೂ ಹೆಚ್ಚು ಕಾಯಿಸುತ್ತದೆ. ಹುಟ್ಟಲಿಲ್ಲ ಎಂದು ಮಡಿ ಕೆದರಿ ಬೇರೆ ಬಿತ್ತಿದವರೇ ಹೆಚ್ಚು. ನೆಲ್ಲಿಗೆ ಬೇರೆ ಉಪಾಯ: ಗೊರಟನ್ನು ಬಿಸಿಲಿಗೆ ಹರಡಿದರೆ ತಾನೇ ಸಿಡಿದು ಬೀಜ ಹೊರಗೆ ಬೀಳುತ್ತದೆ, ಮೇಲೊಂದು ತೆಳು ಬಟ್ಟೆ ಮುಚ್ಚಿಡದಿದ್ದರೆ ಅಂಗಳವೆಲ್ಲ ಆರಿಸುತ್ತ ಕೂರಬೇಕು. ಧೂಪದ ಬೀಜ ತಂದ ದಿನವೇ ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗೆ ಇಳಿಯಬೇಕು, ತಾಯಿಮರದ ಬುಡದ ಮಣ್ಣು ಒಂದು ಹಿಡಿ ಜೊತೆಗಿದ್ದರೆ ಒಳ್ಳೆಯದು. ಆ ಮರದ ಬೇರಿಗೂ ಮಣ್ಣಿನ ಶಿಲೀಂಧ್ರಕ್ಕೂ ನಂಟಿದೆ, ನರ್ಸರಿಯ ಕೆಂಪು ಮಣ್ಣಿನಲ್ಲಿ ಆ ಶಿಲೀಂಧ್ರ ಇರಬೇಕೆಂದಿಲ್ಲ.

ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಯ ಕತೆ ಎಲ್ಲಕ್ಕಿಂತ ವಿಚಿತ್ರ. ನಮ್ಮ ಕಡೆಯವರು ಅದಕ್ಕೆ ಕೊಡುವ ಪ್ರೀತಿಯೇ ಅದಕ್ಕೆ ಮುಳುವು. ಹೊಳೆದಂಡೆಯ ಒಳ್ಳೆಯ ಮರದ ಕಾಯನ್ನು ಮಿಡಿಯಲ್ಲೇ ಕೊಯ್ದು ಉಪ್ಪಿಗೆ ಹಾಕಿದ ಮೇಲೆ ಹಣ್ಣಾಗುವುದೆಲ್ಲಿ, ಗೊರಟು ಬೀಳುವುದೆಲ್ಲಿ? ಕಸಿ ಕಟ್ಟಿ ತೋಟದಲ್ಲಿ ಉಳಿಸಿಕೊಂಡಿದ್ದೇವೆ, ಸಂತೋಷ. ಆದರೆ ಹೊಳೆದಂಡೆಯಲ್ಲಿ ತಾನಾಗಿ ಹುಟ್ಟಿದ ಅಪ್ಪೆಯ ಸಸಿಯನ್ನು ತೋರಿಸಿ ಎಂದರೆ ತಡಕಾಡಬೇಕಾಗುತ್ತದೆ.

ಇನ್ನು ಬೆಟ್ಟದ ತಲೆಯ ವಿಷಯ. ಅಲ್ಲಿ ಒಂದಿಷ್ಟು ಬ್ಯಾಣವಿದೆ, ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ವನಮಹೋತ್ಸವದ ಉತ್ಸಾಹದಲ್ಲಿ ಅಲ್ಲೂ ಸಸಿ ನೆಡೋಣ ಎಂದು ಶಾಲೆಯವರು, ಸಂಘದವರು ಪ್ರತಿ ವರ್ಷ ಕೇಳುತ್ತಾರೆ. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮರವಿಲ್ಲದ ಜಾಗವೆಲ್ಲ ಹಾಳುಬಿದ್ದ ಜಾಗ ಎಂಬ ಎಣಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಹುಲ್ಲೂ ಒಂದು ಬೆಳೆ, ಅದಕ್ಕೂ ಬೇರಿದೆ, ಅದೂ ಮಳೆನೀರು ಹಿಡಿಯುತ್ತದೆ ಎಂದರೆ ನಂಬುವವರಿಲ್ಲ. ಕರಾವಳಿಯ ಪದವುಗಳನ್ನು, ಆ ಮುರಕಲ್ಲಿನ ಬಯಲುಗಳನ್ನು, ಮಳೆಗಾಲದಲ್ಲಿ ನೋಡಿದವರಿಗೆ ಇದು ಗೊತ್ತು. ಬೇಸಿಗೆಯಲ್ಲಿ ಕಾದ ಕಾವಲಿಯಾಗಿದ್ದ ಮುರಕಲ್ಲಿನ ಮೇಲೆ ಜುಲೈ ಆಗಸ್ಟಿನಲ್ಲಿ ಬೆರಳುದ್ದವೂ ಇಲ್ಲದ ಸಾವಿರಾರು ಹೂಗಿಡಗಳು ಎದ್ದಿರುತ್ತವೆ, ಅವುಗಳಲ್ಲಿ ಕೆಲವು ಹುಳ ಹಿಡಿದು ತಿನ್ನುವಂಥವು. ಅಲ್ಲಿ ಗುಂಡಿ ಒಡೆದು ಗೋಡು ಮಣ್ಣು ತುಂಬಿ ಮರ ನೆಟ್ಟರೆ ಹಾಳುಗೆಡವಿದ್ದು ನಾವೇ.

ಕುದುರೆಮುಖದಲ್ಲಿ ಇದನ್ನು ದೊಡ್ಡ ಅಳತೆಯಲ್ಲಿ ನೋಡಬಹುದು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿ, 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಿತು. ಬೆಟ್ಟದ ಬೆನ್ನಿನ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು ಇರುವ ಸೀಮೆ ಅದು. ತುಂಗೆ, ಭದ್ರೆ, ನೇತ್ರಾವತಿಯರ ಹುಟ್ಟುನೆಲ. ಗಣಿಗೆ ಅಗೆದ ಇಳಿಜಾರುಗಳನ್ನು ಹಸಿರು ಮಾಡಲು ಅಲ್ಲೂ ಅಕೇಶಿಯಾದಂಥ ಹೊರಗಿನ ಮರಗಳನ್ನು ನೆಟ್ಟಿದ್ದರು. ದೂರದಿಂದ ನೋಡಿದರೆ ಗಾಯ ಮಾಯ್ದಿದೆ ಎನ್ನಿಸಬೇಕು. ಆದರೆ ಹುಲ್ಲು ಇದ್ದ ಜಾಗದಲ್ಲಿ ಮರ ಎದ್ದರೆ ಅಲ್ಲಿಯ ಕಡವೆಗೆ ಮೇವಿಲ್ಲ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ ಜಾಗವಿಲ್ಲ. ಮರ ನೆಡುವುದು ಸುಲಭ, ಕೊಟ್ಟೆ ಹರಿದು ಗುಂಡಿಗಿಟ್ಟರಾಯಿತು. ಅಗೆದು ಕಲ್ಲುಪುಡಿಯಾದ ಇಳಿಜಾರಿನಲ್ಲಿ ಗುಡ್ಡದ ಹುಲ್ಲನ್ನು ಮತ್ತೆ ಹಿಡಿಸುವುದು ಅದಕ್ಕಿಂತ ನಿಧಾನದ, ಹೆಸರು ಬಾರದ ಕೆಲಸ.

ಕಂಪನಿಯ ಪಾಲಿನ ಬಗ್ಗೆ ಹೇಳುತ್ತೇನೆ ಎಂದಿದ್ದೆ. 1936ರಲ್ಲಿ ಶುರುವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು ಶಿವಮೊಗ್ಗ ಸುತ್ತಿನ ದೊಡ್ಡ ಪ್ರಮಾಣದ ಅರಣ್ಯ ಭೂಮಿ ಗುತ್ತಿಗೆಗೆ ಹೋಗಿತ್ತು. ಅಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. ಕಾರ್ಖಾನೆ 2015ರಲ್ಲಿ ನಿಂತಿತು. ಮರ ನಿಲ್ಲಲಿಲ್ಲ. ಗುತ್ತಿಗೆ ಅವಧಿ ಮುಗಿದ 2020ರಲ್ಲಿ ಸರ್ಕಾರ ಅದನ್ನು ಮತ್ತೆ ನಲವತ್ತು ವರ್ಷಕ್ಕೆ ಮುಂದುವರಿಸಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನಲ್ಲಿ ಚಳವಳಿಯೇ ನಡೆಯಿತು. ಕಾಗದ ಮಾಡದ ಕಾರ್ಖಾನೆಗೆ ಕಾಗದದ ಮರ ಯಾಕೆ ಎಂಬ ಪ್ರಶ್ನೆಗೆ ಯಾರ ಬಾಯಲ್ಲೂ ನೇರ ಉತ್ತರವಿರಲಿಲ್ಲ. ಆ ಚಳವಳಿಯ ಪರ ನಾನು. ಆದರೂ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ನಾಳೆ ಆ ಭೂಮಿಯೆಲ್ಲ ಬಿಟ್ಟುಕೊಟ್ಟರು ಎಂದಿಟ್ಟುಕೊಳ್ಳಿ, ಅಷ್ಟು ಜಾಗಕ್ಕೆ ಸಾಲುವ ಹೊನ್ನೆ, ನಂದಿ, ಜಂಬೆಯ ಸಸಿ ಎಲ್ಲಿದೆ? ಬೀಜ ಆರಿಸುವವರು ಎಲ್ಲಿದ್ದಾರೆ? ತಯಾರಿಯಿಲ್ಲದೆ ಬಿಟ್ಟರೆ ಅಕೇಶಿಯಾದ ಮರಿಗಳೇ ಅದನ್ನು ವಹಿಸಿಕೊಳ್ಳುತ್ತವೆ.

ತಯಾರಿ ಎಂದರೆ ಹೇಗಿರುತ್ತದೆ ಎಂದು ನೋಡುವ ಆಸೆಯಿದ್ದರೆ ತಮಿಳುನಾಡಿನ ವಾಲ್ಪಾರೈ ಕಡೆ ಹೋಗಬೇಕು. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಲ್ಲಿಯ ಚಹಾ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳನ್ನು ಸರಿಪಡಿಸುತ್ತಿದ್ದಾರೆ. ರಸ್ತೆಯ ಮೇಲೆ ಬಿದ್ದು ಗಾಡಿಯ ಚಕ್ರಕ್ಕೆ ಸಿಕ್ಕಿ ಹೋಗಲಿದ್ದ ಬೀಜಗಳನ್ನು ಆರಿಸಿ ತಂದು ನರ್ಸರಿ ಮಾಡಿದವರು ಅವರು. ಲಂಟಾನ ಕೀಳುವಾಗಲೂ ಅದರೊಳಗೆ ಸಿಕ್ಕಿಕೊಂಡ ಕಾಡುಸಸಿಗೆ ಕತ್ತಿ ತಾಗದಂತೆ ನೋಡಿಕೊಳ್ಳುತ್ತಾರೆ. ಅವರ ಕೆಲಸದ ಹೆಚ್ಚಿನ ಭಾಗ ಹೀಗೆ ಬಗ್ಗಿ ನೋಡುವುದೇ.

‘ದೇಸಿ ಸಸಿ’ ಎಂಬ ಹೊಸ ಫ್ಯಾಷನ್ ಬಗ್ಗೆಯೂ ನನಗೆ ಸ್ವಲ್ಪ ತಕರಾರಿದೆ. ಮಲೆನಾಡಿನ ನೆಡುತೋಪುಗಳಿಗೆ ಈಗ ರಕ್ತಚಂದನ, ಬೇವುಗಳನ್ನು ದೇಸಿ ಎಂದು ಕೊಡುತ್ತಾರೆ. ರಕ್ತಚಂದನದ ಮನೆ ಆಂಧ್ರದ ಶೇಷಾಚಲದ ಒಣ ಬೆಟ್ಟಗಳು. ಬೇವು ಬಯಲುಸೀಮೆಯಲ್ಲಿ ಚೆಂದ. ನಮ್ಮ ಸುರಿಮಳೆಯಲ್ಲಿ ಅವು ಅಕೇಶಿಯಾದಷ್ಟೇ ನೆಂಟರು. ಗಡಿ ಇರುವುದು ದೇಶಕ್ಕೆ, ಮರ ನೋಡುವುದು ಮಳೆಯನ್ನು, ಮಣ್ಣನ್ನು.

ಸದ್ಯ ನಮ್ಮೂರಲ್ಲಿ ನಡೆಯುತ್ತಿರುವ ಜಗಳ ಬೇರೆ. ಮೊದಲು ಬಿಡಿಸಿದ ಪಟ್ಟಿಯಲ್ಲಿ ಮತ್ತಿ, ಕೌಲುಗಳು ಈಗ ತಲೆಯ ಮೇಲಕ್ಕೆ ಹೋಗಿವೆ. ಸೊಪ್ಪು ಕೊಯ್ಯಬಹುದೇ? ಪೇಟೆಯಿಂದ ಬಂದು ನೆರವಾದ ಹುಡುಗರಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಇಷ್ಟು ಕಷ್ಟಪಟ್ಟು ಬೆಳೆಸಿದ ಕಾಡಿಗೆ ಕತ್ತಿ ಹಚ್ಚುವುದೇ ಎನ್ನುತ್ತಾರೆ. ನಮ್ಮ ಕೇರಿಯ ಹಿರಿಯರೊಬ್ಬರು ಮೀಟಿಂಗಿನಲ್ಲಿ ಅವರಿಗೆ ಹೇಳಿದ್ದು: “ತಮಾ, ಇದು ದೇವರ ಕಾನಲ್ಲ, ಸೊಪ್ಪಿನಬೆಟ್ಟ. ಸೊಪ್ಪು ಬೇಕು ಅಂತಿದ್ರೆ ಮಾತ್ರ ನಾವು ಬೆಂಕಿ ಆರಿಸೂಕೆ ಓಡ್ತೋ.” ನಾನು ಅವರ ಪಕ್ಷ. ಸೊಪ್ಪಿನ ಉಪಯೋಗ ನಿಂತುಹೋದ ಬೆಟ್ಟವನ್ನು ಕಾಯುವವರಿಲ್ಲ ಎಂಬುದನ್ನು ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಎಷ್ಟೋ ಊರುಗಳಲ್ಲಿ ನೋಡಿದ್ದೇವೆ.

ಕೊನೆಗೆ ಒಪ್ಪಂದವಾದದ್ದು ಹೀಗೆ. ಒಂದು ಮರಕ್ಕೆ ಎರಡು ವರ್ಷಕ್ಕೊಮ್ಮೆ ಮಾತ್ರ ಕತ್ತಿ. ತುದಿ ಮುಟ್ಟುವಂತಿಲ್ಲ. ಹೊನ್ನೆ ಮತ್ತು ನಂದಿಯನ್ನು ಬೀಜಕ್ಕೆ ಬಿಡುವುದು, ಅವುಗಳಿಗೆ ಬಿಳಿ ಬಣ್ಣದ ಪಟ್ಟೆ. ಧೂಪ, ಉಪ್ಪಾಗೆ ನೆಟ್ಟಿರುವ ಹಳ್ಳದ ಬದಿಗೆ ಯಾರೂ ದನ ಬಿಡಬಾರದು. ಬ್ಯಾಣದ ಕರಡವನ್ನು ದೀಪಾವಳಿ ಕಳೆದು ಹುಲ್ಲು ಬೀಜ ಉದುರಿಸಿದ ಮೇಲೇ ಕೊಯ್ಯಬೇಕು. ಇದಕ್ಕೆ ಎಲ್ಲರೂ ಸಹಿ ಹಾಕಿದ್ದಾರೆ, ಎರಡು ಮನೆಯವರನ್ನು ಬಿಟ್ಟು. ಅವರ ಬೆಟ್ಟದ ಪಾಲು ಸರಿಯಾಗಿ ಪಟ್ಟಿಯ ನಡುವೆಯೇ ಬರುತ್ತದೆ, ಈ ಮಳೆಗಾಲದಲ್ಲಿ ಅಲ್ಲಿ ಅಕೇಶಿಯಾ ಮರಿ ಕೀಳುವ ಕೂಲಿ ಯಾರು ಕೊಡಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.